ಗ್ರೈಂಡರ್ ಹಿಡಿಯುವ ಮೊದಲು ಟೇಪು ಹಿಡಿಯಲಿ

ಹೊಸ ಅಲಾಯ್ ಚಕ್ರ, ಅಗಲದ ಟೈರು, ತುಸು ತಗ್ಗಿಸಿದ ಸ್ಪ್ರಿಂಗು. ಹೈದರಾಬಾದಿನ ಮೆಹದಿಪಟ್ಟಣಂನ ಅಂಗಡಿ ಮುಂದೆ ನಿಂತ ಕಾರು ಮದುವಣಿಗನ ಹಾಗೆ ಮಿಂಚುತ್ತಿರುತ್ತದೆ. ಅಲ್ಲಿಂದ ಹೊರಟು ಪಿ.ವಿ. ನರಸಿಂಹರಾವ್ ಎಕ್ಸ್‌ಪ್ರೆಸ್ ವೇ ಏರಿ, ಮೇಲ್ಸೇತುವೆಯ ಒಂದೆರಡು ಕೀಲು ದಾಟಿತೋ ಇಲ್ಲವೋ, ಹಿಂದಿನ ಚಕ್ರದ ಕಡೆಯಿಂದ ‘ಜರ್ರ್’ ಎಂಬ ಸದ್ದು ಶುರು. ರೇತಿಬೌಲಿಯಲ್ಲಿ ಸ್ಟೀರಿಂಗ್ ಪೂರ್ತಿ ತಿರುಗಿಸಿದರೆ ಮುಂದಿನ ಚಕ್ರವೂ ಒಳಗಿನ ಪ್ಲಾಸ್ಟಿಕ್ಕಿಗೆ ಉಜ್ಜುತ್ತದೆ. ಮಾಲೀಕ ಅಂಗಡಿಗೆ ವಾಪಸ್ ಬಂದು ‘ಟೈರ್ ಲಗ್ರಾ ಭಾಯ್’ (ಟೈರು ತಾಗುತ್ತಿದೆ ಅಣ್ಣ) ಎಂದರೆ ಸಿಗುವ ಪರಿಹಾರ ಬಹುತೇಕ ಒಂದೇ: ಫೆಂಡರ್ ಅಂಚು ಬಡಿದು ಮಡಚುವುದು, ಒಳಗಿನ ಪ್ಲಾಸ್ಟಿಕ್ ಲೈನರ್ ಕೊಯ್ಯುವುದು, ಅಷ್ಟಕ್ಕೂ ಬಗ್ಗದಿದ್ದರೆ ಗ್ರೈಂಡರ್ ಹಚ್ಚುವುದು.

ಎಲ್ಲಕ್ಕಿಂತ ಕೊನೆಗೆ ಮಾಡಬೇಕಾದ ಕೆಲಸ ನಮ್ಮಲ್ಲಿ ಎಲ್ಲಕ್ಕಿಂತ ಮೊದಲು ನಡೆಯುತ್ತಿದೆ. ಟೈರು ಬಾಡಿಗೆ ತಾಗುವುದಕ್ಕೆ ಕಾರಣ ಅಳತೆ ತಪ್ಪಿರುವುದು. ಆ ಅಳತೆಯ ಹೊಣೆಯನ್ನು ಚಕ್ರ ಮಾರಿದವರು ಹೊರುತ್ತಿಲ್ಲ, ಸರ್ಕಾರವೂ ಕೇಳುತ್ತಿಲ್ಲ.

ಹೈದರಾಬಾದಿನ ಒಂದು ಬಡಾವಣೆಯ ಗ್ಯಾರೇಜ್ ಸಂಗತಿ ಕನ್ನಡ ಪತ್ರಿಕೆಗೆ ಯಾಕೆ ಎನ್ನುವವರು ನಕಾಶೆ ನೋಡಬೇಕು. ಕಲಬುರಗಿ, ಬೀದರ್, ಯಾದಗಿರಿಯವರಿಗೆ ಬೆಂಗಳೂರಿಗಿಂತ ಹೈದರಾಬಾದ್ ಎಷ್ಟೋ ಹತ್ತಿರ. ಆಸ್ಪತ್ರೆ, ಮದುವೆ ಜವಳಿ, ಸೆಕೆಂಡ್ ಹ್ಯಾಂಡ್ ಕಾರು, ಎಲ್ಲದಕ್ಕೂ ಅವರ ದಾರಿ ಅತ್ತ ಕಡೆಗೇ. ಮೆಹದಿಪಟ್ಟಣಂ ಬಿಟ್ಟು ಮೊಯಿನಾಬಾದ್, ಚೇವೆಳ್ಳ, ಪರಿಗಿ, ಕೊಡಂಗಲ್ ಮೇಲೆ ಸಾಗಿದರೆ ಸಿಗುವುದು ಕರ್ನಾಟಕದ ಗಡಿ. ಜನರ ಬಾಯಲ್ಲಿ ಅದು ಇಂದಿಗೂ ಬಿಜಾಪುರ ರಸ್ತೆ. ಅಲ್ಲಿ ಚಕ್ರ ಬದಲಿಸಿಕೊಂಡ ಕಾರು ಐದು ಜನ, ಡಿಕ್ಕಿ ತುಂಬ ಸಾಮಾನು ಹೇರಿಕೊಂಡು ಇದೇ ರಸ್ತೆಯಲ್ಲಿ ಊರಿಗೆ ಮರಳುತ್ತದೆ. ಖಾಲಿ ಕಾರಿನಲ್ಲಿ ಅಂಗಡಿಯ ಸುತ್ತ ಒಂದು ಸುತ್ತು ಹಾಕಿದಾಗ ಕೇಳಿಸದ ಸದ್ದು ಚೇವೆಳ್ಳದ ಆಲದ ಮರಗಳ ಸಾಲಿನಲ್ಲಿ ಕೇಳಿಸತೊಡಗುತ್ತದೆ.

ಸದ್ದು ತಾನೇ, ಸ್ವಲ್ಪ ದಿನದಲ್ಲಿ ಉಜ್ಜಿ ಉಜ್ಜಿ ತಾನೇ ಜಾಗ ಮಾಡಿಕೊಳ್ಳುತ್ತದೆ ಎನ್ನುವವರಿದ್ದಾರೆ. ಲೆಕ್ಕ ಹಾಕಿ ನೋಡಿ. ಸ್ವಿಫ್ಟ್, ಡಿಜೈರ್‌ನ ಕೆಲವು ಮಾದರಿಗಳಿಗೆ ಕಂಪನಿಯಿಂದಲೇ ಬರುವ 185/65 ಆರ್15 ಟೈರಿನ ವ್ಯಾಸ ಸುಮಾರು 621 ಮಿ.ಮೀ. ಕಿಲೋಮೀಟರಿಗೆ ಅದು 512 ಸುತ್ತು ಉರುಳುತ್ತದೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ ಎಂಟೂವರೆ ಸುತ್ತು. 11.6 ಕಿ.ಮೀ. ಉದ್ದದ ಆ ಎಕ್ಸ್‌ಪ್ರೆಸ್ ವೇಯನ್ನು ಒಮ್ಮೆ ದಾಟಿದರೆ ಸುಮಾರು 5,900 ಸುತ್ತು. ನೆಲಕ್ಕೆ ತಾಗುವ ಭಾಗದಲ್ಲಿ ರಬ್ಬರಿನಡಿ ಉಕ್ಕಿನ ಪಟ್ಟಿ ಇರುತ್ತದೆ. ಪಕ್ಕದ ಗೋಡೆಯಲ್ಲಿ ಇರುವುದು ನೂಲಿನ ಪದರ ಮಾತ್ರ. ಅಲ್ಲಿ ಗಾಯವಾದರೆ ಯಾವ ಪಂಕ್ಚರ್ ಅಂಗಡಿಯೂ ಸರಿಮಾಡಿ ಕೊಡಲಾಗದು. ಫೆಂಡರಿನ ತಗಡಿನಂಚು ಕೊರೆಯುವುದು ಟೈರಿನ ಹೆಗಲನ್ನು ಮತ್ತು ಇದೇ ಗೋಡೆಯನ್ನು. ಜಾಗ ಮಾಡಿಕೊಳ್ಳುವುದಕ್ಕೆ ಮೊದಲೇ ಟೈರು ಒಡೆದೀತು.

ಹಾಗಾದರೆ ಎಲ್ಲಿ ತಾಗುತ್ತಿದೆ? ಬಹಳಷ್ಟು ಅಂಗಡಿಗಳಲ್ಲಿ ಯಾರೂ ಕೇಳದ ಪ್ರಶ್ನೆ ಇದು. ಪತ್ತೆ ಮಾಡಲು ಯಂತ್ರ ಬೇಕಿಲ್ಲ, ಸೀಮೆಸುಣ್ಣ ಸಾಕು. ಟೈರಿನ ಹೆಗಲಿಗೂ ಫೆಂಡರಿನ ಒಳ ಅಂಚಿಗೂ ಸುಣ್ಣ ಬಳಿದು, ಹಿಂದಿನ ಸೀಟಿನಲ್ಲಿ ಮೂವರನ್ನು ಕೂರಿಸಿ, ಒಂದು ಹಂಪು ದಾಟಿಸಿ, ಎರಡೂ ಕಡೆ ಪೂರ್ತಿ ಸ್ಟೀರಿಂಗ್ ತಿರುಗಿಸಿ ಬಂದರೆ ಸುಣ್ಣ ಅಳಿಸಿದ ಜಾಗವೇ ಎಲ್ಲವನ್ನೂ ಹೇಳುತ್ತದೆ. ಟೈರಿನ ಹೊರ ಹೆಗಲಲ್ಲಿ ಅಳಿಸಿದ್ದರೆ ಚಕ್ರ ಹೊರಗೆ ಚಾಚಿದೆ, ಇಲ್ಲವೇ ಕಾರು ತೀರಾ ತಗ್ಗಿದೆ. ಒಳ ಅಂಚಿನಲ್ಲಿ ಅಳಿಸಿದ್ದರೆ ಟೈರು ಸಸ್ಪೆನ್ಷನ್ನಿನ ಸ್ಟ್ರಟ್ಟಿಗೋ ಲೈನರಿಗೋ ತಾಗುತ್ತಿದೆ. ತಿರುಗಿಸಿ ರಿವರ್ಸ್ ತೆಗೆಯುವಾಗ ಮಾತ್ರ ಸದ್ದಿದ್ದರೆ ಬಂಪರ್ ಹಿಂದಿನ ಪ್ಲಾಸ್ಟಿಕ್ ಮೇಲೆ ಗುಮಾನಿ. ಹಳೆಯ ಕಾರಾದರೆ ಕುಸಿದ ಸ್ಪ್ರಿಂಗು, ಸವೆದ ಬುಷ್ಷುಗಳನ್ನೂ ನೋಡಬೇಕು. ಚಕ್ರದ ತಪ್ಪೇ ಇಲ್ಲದಿರಬಹುದು.

ಆಮೇಲೆ ಟೇಪು. ಕಂಪನಿಯ ರಿಮ್ 6 ಇಂಚು ಅಗಲ, ಆಫ್‌ಸೆಟ್ (ರಿಮ್ಮಿನ ನಟ್ಟನಡುವಿನಿಂದ ಅದು ಹಬ್ಬಿಗೆ ಕೂರುವ ಮುಖಕ್ಕಿರುವ ದೂರ, ಮಿ.ಮೀ.ನಲ್ಲಿ) 45 ಎಂದಿಟ್ಟುಕೊಳ್ಳಿ. ಗಿರಾಕಿಗೆ ಮೆಚ್ಚುಗೆಯಾದದ್ದು 7 ಇಂಚಿನ, ಆಫ್‌ಸೆಟ್ 35ರ ರಿಮ್. ಅಗಲ ಹೆಚ್ಚಿದ್ದಕ್ಕೆ ಒಂದೊಂದು ಬದಿಗೆ 12.7 ಮಿ.ಮೀ., ಆಫ್‌ಸೆಟ್ ಇಳಿದದ್ದಕ್ಕೆ ಹೊರಬದಿಗೆ ಇನ್ನೂ 10. ಒಟ್ಟು 22.7 ಮಿ.ಮೀ. ಚಕ್ರ ಹೊರಗೆ ಬಂತು, ಒಳಗೆ ಸರಿದದ್ದು ಬರೀ 2.7. ಕಾರಿಗೆ ಹೊಂದುವುದಾದರೆ ಅದೇ 7 ಇಂಚಿನ ಅಗಲದಲ್ಲಿ 45ರ ಆಫ್‌ಸೆಟ್ ಸಿಗುವ ರಿಮ್ ಆರಿಸಿಕೊಂಡಿದ್ದರೆ ಹೊರಗೆ ಬರುತ್ತಿದ್ದದ್ದು 12.7 ಮಾತ್ರ. ರಿಮ್ಮಿನ ಹಿಂಬದಿಯಲ್ಲಿ ‘ಇಟಿ’ ಎಂದು ಕೆತ್ತಿರುವ ಆಫ್‌ಸೆಟ್ಟಿನ ಎರಡಂಕಿಯನ್ನು ಓದುವ ತಾಳ್ಮೆ ಇದ್ದಿದ್ದರೆ ಗ್ರೈಂಡರ್ ಮೂಲೆಯಲ್ಲೇ ಇರುತ್ತಿತ್ತು.

ಟೈರಿನ ಎತ್ತರಕ್ಕೂ ಇದೇ ಮಾತು. 185/65 ಇದ್ದ ಕಡೆ ಅದೇ 15 ಇಂಚಿನ ರಿಮ್ಮಿಗೆ 205/65 ಏರಿಸಿದರೆ ವ್ಯಾಸ 26 ಮಿ.ಮೀ., ಅಂದರೆ ಶೇ 4ಕ್ಕೂ ಹೆಚ್ಚು ಬೆಳೆಯುತ್ತದೆ. ಮೂಲ ವ್ಯಾಸಕ್ಕಿಂತ ಶೇ 3ರ ಆಚೆ ಹೋಗಬಾರದು ಎಂಬುದು ಟೈರು ವೃತ್ತಿಯಲ್ಲಿ ಒಪ್ಪಿತವಾದ ಮಿತಿ. ಮಿತಿ ಮೀರಿದರೆ ಸ್ಪೀಡೋಮೀಟರ್ 80 ತೋರಿಸುವಾಗ ಕಾರು ಮೊದಲಿಗಿಂತ ಮೂರು ಕಿ.ಮೀ. ಹೆಚ್ಚಿನ ವೇಗದಲ್ಲಿ ಓಡುತ್ತಿರುತ್ತದೆ. ಇದಕ್ಕೆಲ್ಲ ಉತ್ತರ ಚಾಲಕನ ಬಾಗಿಲ ಬಳಿಯ ಸ್ಟಿಕ್ಕರಿನಲ್ಲೋ ಮಾಲೀಕನ ಕೈಪಿಡಿಯಲ್ಲೋ ಮೊದಲೇ ಮುದ್ರಿತವಾಗಿರುತ್ತದೆ. ಗಾತ್ರದ ಮುಂದಿನ ಭಾರದ ಸಂಖ್ಯೆಯನ್ನೂ ಅಲ್ಲೇ ನೋಡಬೇಕು. 88 ಎಂದರೆ ಒಂದು ಟೈರು 560 ಕಿಲೋ ಹೊರಬಲ್ಲದು. ಬದಲಿ ಟೈರಿನ ಸಂಖ್ಯೆ ಅದಕ್ಕಿಂತ ಕೆಳಗಿಳಿಯಬಾರದು.

ಸರಿಪಡಿಸುವುದಕ್ಕೂ ಒಂದು ಕ್ರಮವಿದೆ. ಸರಿಯಾದ ಅಳತೆಯ ಟೈರಿಗೆ ಮರಳುವುದು ಮೊದಲನೆಯದು, ಖರ್ಚಿನ ಮಾತಾದರೂ ಖಾತ್ರಿಯದು. ಚಕ್ರವನ್ನು ಹೊರಗೆ ತಳ್ಳುವ ಸ್ಪೇಸರ್ ಇದ್ದರೆ ತೆಗೆದು ನೋಡುವುದು, ಹೊಂದುವ ಆಫ್‌ಸೆಟ್ಟಿನ ರಿಮ್ ಹಾಕುವುದು ಎರಡನೆಯದು. ಸ್ಪ್ರಿಂಗಿನ ಸುತ್ತುಗಳನ್ನು ಕೊಯ್ದು ಕಾರು ತಗ್ಗಿಸಿದ್ದರೆ ಯೋಚನೆಯೇ ಬೇಡ, ಹೊಸ ಸ್ಪ್ರಿಂಗ್ ಹಾಕಿಸಬೇಕು; ಕೊಯ್ದ ಸ್ಪ್ರಿಂಗು ತನ್ನ ಪೀಠದಲ್ಲಿ ಸರಿಯಾಗಿ ಕೂರುವುದಿಲ್ಲ. ಕ್ಯಾಂಬರ್ ತಿದ್ದಿ ಚಕ್ರದ ನೆತ್ತಿಯನ್ನು ಕೆಲವು ಮಿ.ಮೀ. ಒಳಗೆ ವಾಲಿಸಬಹುದು. ಆದರೆ ಟೈರಿನ ಒಳ ಅಂಚು ಬೇಗ ಸವೆಯುತ್ತದೆ, ನಮ್ಮ ಹೆಚ್ಚಿನ ಸಣ್ಣ ಕಾರುಗಳ ಹಿಂದಿನ ಆಕ್ಸಲ್ಲಿನಲ್ಲಿ ಆ ಹೊಂದಾಣಿಕೆಯೇ ಇಲ್ಲ. ಲೈನರ್ ತಾಗುತ್ತಿದ್ದರೆ ಬಿಸಿಗಾಳಿ ಹಾಯಿಸಿ ಮೆತ್ತಗೆ ಹಿಂದಕ್ಕೆ ಒತ್ತಬಹುದು, ಕೊಯ್ಯಲೇಬೇಕೆಂದಿಲ್ಲ.

ಫೆಂಡರ್ ರೋಲಿಂಗ್ ಬರುವುದು ಇದಾದ ಮೇಲೆ. ಚಕ್ರ ಬಿಚ್ಚಿ, ಹಬ್ಬಿಗೆ ರೋಲರ್ ಬಿಗಿದು, ಬಣ್ಣ ಬಿರಿಯದಂತೆ ಬಿಸಿಮಾಡುತ್ತ ಒಳ ಅಂಚನ್ನು ನಿಧಾನಕ್ಕೆ ಮೇಲಕ್ಕೆ ಮಡಚುವ ಕುಶಲ ಕೆಲಸ ಅದು. ಇಲ್ಲಿ ಮುಂದು ಹಿಂದಿನ ವ್ಯತ್ಯಾಸ ಗೊತ್ತಿರಬೇಕು. ಮುಂದಿನ ಫೆಂಡರ್ ಸಾಮಾನ್ಯವಾಗಿ ಬೋಲ್ಟಿನದು, ಕೆಟ್ಟರೆ ಬಿಚ್ಚಿ ಹೊಸದು ಹಾಕಬಹುದು. ಹಿಂದಿನದು ಬಾಡಿಗೇ ಬೆಸೆದದ್ದು. ಹೊರಗಿನ ತಗಡು, ಚಕ್ರದ ಗೂಡಿನ ತಗಡು ಎರಡೂ ಆ ಅಂಚಿನಲ್ಲೇ ಸ್ಪಾಟ್ ವೆಲ್ಡ್ ಆಗಿರುತ್ತವೆ. ಅಲ್ಲಿ ಗ್ರೈಂಡರ್ ಆಡಿಸಿದರೆ ಬೆಸುಗೆಯೇ ಬಿಚ್ಚಿಕೊಂಡು ನೀರು, ಕೆಸರು ಎರಡು ಹಾಳೆಗಳ ನಡುವೆ ಇಳಿಯುತ್ತದೆ. ಹೊರಗಿನಿಂದ ಒಂದು ಕೋಟು ಬಣ್ಣ ಹೊಡೆದು ಕಳಿಸಿದ ಕಾರು ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಒಳಗಿನಿಂದ ತುಕ್ಕು ಹಿಡಿಯತೊಡಗುತ್ತದೆ. ಅಷ್ಟರಲ್ಲಿ ಕಾರು ಎಷ್ಟೋ ಸಲ ಇನ್ನೊಬ್ಬರ ಕೈಗೆ ದಾಟಿರುತ್ತದೆ.

ಟೈರು ತಾಗುವುದರಲ್ಲಿ ರಸ್ತೆಯ ಪಾಲೂ ಇದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಮಾರ್ಗಸೂಚಿಯಂತೆ ಹಂಪು 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ ಇರಬೇಕು, ಗಂಟೆಗೆ 25 ಕಿ.ಮೀ. ವೇಗದಲ್ಲಿ ದಾಟುವಂತಿರಬೇಕು. ಹೈದರಾಬಾದಿನ ಗಲ್ಲಿಯಲ್ಲಾಗಲಿ ಕಲಬುರಗಿಯ ಬಡಾವಣೆಯಲ್ಲಾಗಲಿ ಕಣ್ಣಿಗೆ ಬೀಳುವ ಹಂಪುಗಳು ಈ ಅಳತೆಯ ಹತ್ತಿರವೂ ಸುಳಿಯುವುದಿಲ್ಲ. ಹಾಗಿದ್ದೂ ಕಾರು ತಗ್ಗಿಸುವುದು ಮಾಲೀಕನ ಸ್ವಂತ ಆಯ್ಕೆ. ಅದನ್ನು ರಸ್ತೆಯ ತಲೆಗೆ ಕಟ್ಟಲಾಗದು.

ಕಾನೂನು ಏನನ್ನುತ್ತದೆ? 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ, ತಯಾರಕರು ನಿಗದಿಪಡಿಸಿದ್ದಕ್ಕಿಂತ ನೋಂದಣಿ ಪತ್ರದ ವಿವರಗಳು ಬೇರೆಯಾಗುವಂತೆ ವಾಹನ ಬದಲಿಸಬಾರದು ಎನ್ನುತ್ತದೆ. ಕೇರಳದಿಂದ ಬಂದ ಪ್ರಕರಣವೊಂದರಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿ, ಕಾಯ್ದೆ ಒಪ್ಪದ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು ಅಥವಾ ಎರಡೂ ಎಂದಿತು. ಕಾಗದದ ಮೇಲೆ ಬಿಗಿಯಾಗಿದೆ. ಆದರೆ ಖಾಸಗಿ ಕಾರಿನ ಆರ್‌ಸಿ ಕಾರ್ಡಿನಲ್ಲಿ ಟೈರಿನ ಗಾತ್ರಕ್ಕೆ ಸಾಲೇ ಇಲ್ಲ. ಹೋಲಿಸಿ ನೋಡಲು ಪೊಲೀಸರ ಕೈಯಲ್ಲಿ ಅಂಕಿ ಇಲ್ಲ. ನೋಂದಣಿಯಾದ 15 ವರ್ಷಗಳವರೆಗೆ ಆ ಕಾರನ್ನು ತಪಾಸಣೆಗೆ ಕರೆಯುವವರೂ ಇಲ್ಲ.

ಬದಲಾವಣೆಯೇ ಕಾನೂನುಬಾಹಿರ ಎಂದಮೇಲೆ ಅದನ್ನು ಸರಿಪಡಿಸುವ ಮಾತು ಕುಮ್ಮಕ್ಕು ಕೊಟ್ಟಂತಲ್ಲವೇ ಎಂಬ ಆಕ್ಷೇಪ ಬರಬಹುದು. ಆದರೆ ಸವೆದ ಟೈರು ಬದಲಿಸುವುದು ಪ್ರತಿ ಕಾರಿನ ಹಣೆಬರಹ, ಗಾತ್ರ ಏರುವುದೂ ಅದೇ ಗಳಿಗೆಯಲ್ಲಿ. ಇನ್ನು ಕಾರು ಸಿಂಗರಿಸುವ ಹುಚ್ಚಿನ ಮಾತು. ಬಹಾದೂರ್‌ಪುರದಲ್ಲಿ ಕೆ. ಸುಧಾಕರ್ ಕಟ್ಟಿದ ಸುಧಾ ಕಾರ್ಸ್ ಮ್ಯೂಸಿಯಂ ನೋಡಿದವರಿಗೆ ಹೈದರಾಬಾದಿನ ವಾಹನದ ಹುಚ್ಚು ಯಾವ ಮಟ್ಟದ್ದು ಎಂದು ಗೊತ್ತು. ಶೂ, ಕ್ರಿಕೆಟ್ ಚೆಂಡಿನ ಆಕಾರದಲ್ಲೆಲ್ಲ ಅಲ್ಲಿ ಕಾರುಗಳಿವೆ. 2005ರಲ್ಲಿ ಅವರು ಕಟ್ಟಿದ ದೈತ್ಯ ತ್ರಿಚಕ್ರ ಸೈಕಲ್ ಗಿನ್ನೆಸ್ ದಾಖಲೆ ಸೇರಿತು. ಇಂಥ ಊರಿನಲ್ಲಿ ಬರೀ ನಿಷೇಧದಿಂದ ಆಗುವುದೇನೆಂದರೆ, ಕೆಲಸ ರಶೀದಿಯಿಲ್ಲದೆ ನಡೆಯುತ್ತದೆ.

ಬೇರೆ ದೇಶಗಳು ಹಿಡಿದ ದಾರಿ ಬೇರೆ. ಜರ್ಮನಿಯಲ್ಲಿ ಕಂಪನಿಯದಲ್ಲದ ಚಕ್ರ ಹಾಕಿಸಿದರೆ ಅದಕ್ಕೊಂದು ಪರೀಕ್ಷಾ ವರದಿ ಇರಬೇಕು. ಟ್ಯೂಫ್‌ನಂಥ ತಪಾಸಣಾ ಸಂಸ್ಥೆಯ ಪರಿಣತರು ಬಹಳ ಸಲ ಕಾರು ನೋಡಿ ಒಪ್ಪಬೇಕಾಗುತ್ತದೆ. ಇಂಥ ಕಾರಿಗೆ ಈ ಟೈರು ಹಾಕುವುದಾದರೆ ಫೆಂಡರ್ ಅಂಚು ಮಡಚಿರಬೇಕು ಎಂಬ ಷರತ್ತನ್ನೂ ಆ ವರದಿಗಳು ಬರೆದಿರುತ್ತವೆ. ಬ್ರಿಟನ್ನಿನ ವಾರ್ಷಿಕ ಎಂಓಟಿ ಪರೀಕ್ಷೆಯಲ್ಲಿ ಟೈರು ವಾಹನದ ಭಾಗಕ್ಕೆ ತಾಗುವುದು ದೋಷಗಳ ಪಟ್ಟಿಯಲ್ಲೇ ಇದೆ. ಜಪಾನ್ 2017ರಲ್ಲಿ, ಟೈರು ಬಾಡಿಯಿಂದ ಹೊರಚಾಚುವುದಾದರೆ 10 ಮಿ.ಮೀ. ಒಳಗಿರಬೇಕು ಎಂದು ಅಂಕಿಯನ್ನೇ ಇಟ್ಟಿತು.

ನಮ್ಮಲ್ಲಿ ನಾಳೆಯೇ ಟ್ಯೂಫ್ ಹುಟ್ಟಲಾರದು. ಸದ್ಯಕ್ಕೆ ಒಂದು ಹಾಳೆ ಸಾಕು. ಹಳೆಯ ಗಾತ್ರ, ಹೊಸ ಗಾತ್ರ, ರಿಮ್ಮಿನ ಅಗಲ, ಆಫ್‌ಸೆಟ್, ಭಾರದ ಸಂಖ್ಯೆ, ಐದು ಜನ ಕೂತಾಗ ಮತ್ತು ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಎಲ್ಲಿಯೂ ತಾಗುವುದಿಲ್ಲ ಎಂಬ ಅಂಗಡಿಯವನ ಸಹಿ. ಒಂದು ಪ್ರತಿ ಗಿರಾಕಿಗೆ, ಒಂದು ಅಂಗಡಿಗೆ. ವಿಮಾ ಕಂಪನಿ ಕ್ಲೇಮಿನ ಹೊತ್ತಿಗೆ ಬದಲಾವಣೆಯ ತಕರಾರು ತೆಗೆದರೆ ತೋರಿಸಲು ಅಷ್ಟಾದರೂ ಇರುತ್ತದೆ, ಮುಂದೆ ಕಾರು ಕೊಳ್ಳುವವರಿಗೂ ಸತ್ಯ ತಿಳಿಯುತ್ತದೆ. ಆರ್‌ಸಿಯಲ್ಲಿ ಟೈರಿನ ಗಾತ್ರದ ಸಾಲು ಸೇರಿಸುವುದು ಕೇಂದ್ರದ ಕೆಲಸ, ಅದಕ್ಕೆ ಸಮಯ ಹಿಡಿದೀತು. ಅಂಗಡಿಗಳಿಗೆ ಟ್ರೇಡ್ ಲೈಸೆನ್ಸ್ ಕೊಡುವುದು ಮಾತ್ರ ಸ್ಥಳೀಯ ಪಾಲಿಕೆಗಳೇ. ಹೈದರಾಬಾದಿನಲ್ಲಾಗಲಿ ಕಲಬುರಗಿಯಲ್ಲಾಗಲಿ, ಟೈರು ಮತ್ತು ಅಲಾಯ್ ಮಾರುವವರ ಲೈಸೆನ್ಸ್ ನವೀಕರಣಕ್ಕೆ ಈ ಹಾಳೆಯ ಷರತ್ತು ಹಾಕುವುದನ್ನು ಮುಂದಿನ ನವೀಕರಣದ ವೇಳೆಗೆ ಶುರುಮಾಡಬಹುದು.