ಬಂದೂಕಿಳಿಸಿ ಗುದ್ದಲಿ ಹಿಡಿದವರು

ಹೈದರಾಬಾದು ವಿಮೋಚನೆಯ ಹೋರಾಟದಲ್ಲಿ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಅನೇಕ ತರುಣರು ಮನೆಮಾರು ತೊರೆದರು. ನಿಜಾಮನ ಗಡಿಯಾಚೆ, ಮುಂಬಯಿ ಪ್ರಾಂತದಲ್ಲಿದ್ದ ಮುಂಡರಗಿಯ ಶಿಬಿರಕ್ಕೆ ಅಳವಂಡಿಯ ಶಿವಮೂರ್ತಿಸ್ವಾಮಿಗಳು ಮುಂದಾಳುಗಳಾಗಿದ್ದರು. 1948ರ ಸೆಪ್ಟೆಂಬರ್ 17ರಂದು ನಿಜಾಮನು ಶರಣಾದನು. ಸ್ವಾಮಿಗಳು 1952ರಲ್ಲಿ ಕುಷ್ಟಗಿಯಿಂದಲೂ 1962ರಲ್ಲಿ ಕೊಪ್ಪಳದಿಂದಲೂ ಲೋಕಸಭೆಗೆ ಆಯ್ಕೆಯಾದರು.

ಶಿಬಿರದ ಸಾಮಾನ್ಯ ಯೋಧರಾದರೋ ಊರಿಗೆ ಮರಳಿ, ಹೊಲ-ತೋಟಗಳ ಕಾಯಕದಲ್ಲಿಯೇ ಮುಪ್ಪಾದರು. ಸಸಿಗೆ ನೀರೆರೆದ ಕೈಯೇ ಒಮ್ಮೆ ಬಂದೂಕು ಹಿಡಿದಿತ್ತೆಂಬುದನ್ನು ಎಷ್ಟೋ ಮನೆಗಳ ಮೊಮ್ಮಕ್ಕಳೇ ಅರಿಯರು. ಆ ಪೀಳಿಗೆ ಈಗ ಬಹುತೇಕ ಲಿಂಗೈಕ್ಯವಾಗಿದೆ. ಅವರು ನೆಟ್ಟ ಗಿಡದ ಫಲವುಣ್ಣುವ ನಾವು ಅವರ ಹೆಸರನ್ನಾದರೂ ಉಳಿಸಬೇಡವೇ? ನಿಮ್ಮ ಮನೆತನದಲ್ಲಿ ಅಂತಹ ಹಿರಿಯರಿದ್ದರೆ, ಅವರಿದ್ದ ಶಿಬಿರ, ಪಟ್ಟ ಪಾಡು, ಬೆಳೆಸಿದ ತೋಟ ಇವನ್ನು ಇಂದೇ ಬರೆದಿಡಿರಿ; ಮಕ್ಕಳಿಗೆ ಓದಿ ಹೇಳಿರಿ.