ಊರಿಲ್ಲದ ಬೆಟ್ಟ

ಕನ್ನಡ ನಾಡಿನ ಯಾವ ಶಾಲೆಯ ಯಾವ ಹುಡುಗನ ಕೈಗಾದರೂ ಒಂದು ಹಾಳೆಯನ್ನೂ ನಾಲ್ಕು ಬಣ್ಣದ ಕಡ್ಡಿಗಳನ್ನೂ ಕೊಟ್ಟು ‘ಪ್ರಕೃತಿಯ ಚಿತ್ರವನ್ನು ಬರೆ’ ಎಂದರೆ, ಅವನು ಬರೆಯತಕ್ಕದ್ದು ಏನೆಂಬುದನ್ನು ವಾಚಕರು ಈಗಲೇ ಊಹಿಸಬಲ್ಲರು. ಎರಡು ಮುಕ್ಕೋಣದ ಬೆಟ್ಟಗಳು. ಅವುಗಳ ಸಂದಿಯಲ್ಲಿ ಅರ್ಧ ಸೂರ್ಯ. ಅಲ್ಲಿಂದ ಹಾವಿನಂತೆ ಇಳಿದುಬರುವ ಒಂದು ಹೊಳೆ. ದಡದಲ್ಲಿ ಒಂದು ಗುಡಿಸಲು, ಒಂದು ತೆಂಗಿನ ಮರ. ಆಕಾಶದಲ್ಲಿ ಗೀಟುಗಳಂತಿರುವ ನಾಲ್ಕಾರು ಹಕ್ಕಿಗಳು. ಬಳ್ಳಾರಿಯ ಹುಡುಗನೂ ಇದನ್ನೇ ಬರೆಯುವನು, ಕಾರವಾರದ ಹುಡುಗಿಯೂ ಇದನ್ನೇ ಬರೆಯುವಳು. ಬಳ್ಳಾರಿಯಲ್ಲಿ ಹೆಬ್ಬಂಡೆಗಳ ಗುಡ್ಡವುಂಟು, ಕಾರವಾರದಲ್ಲಿ ಕಡಲುಂಟು. ಕಾಗದದ ಮೇಲೆ ಮಾತ್ರ ಎರಡೂ ಇಲ್ಲ. ಮಕ್ಕಳನ್ನು ಇದಕ್ಕಾಗಿ ಆಕ್ಷೇಪಿಸುವುದು ಅನ್ಯಾಯವು. ದೊಡ್ಡವರು ಅವರ ಕೈಗಿತ್ತ ಪುಸ್ತಕಗಳಲ್ಲಿ ಇದ್ದುದೇ ಆ ಬೆಟ್ಟ. ಅದು ಯಾವ ಊರಿನದೆಂದು ಕೇಳಿದರೆ ಬರೆದವನಿಗೂ ಗೊತ್ತಿಲ್ಲ, ಅಚ್ಚು ಮಾಡಿಸಿದವನಿಗೂ ಗೊತ್ತಿಲ್ಲ.

ಮಕ್ಕಳ ಪುಸ್ತಕವನ್ನು ಹೊರಡಿಸುವವರಲ್ಲಿ ಅನೇಕರ ಅಭಿಪ್ರಾಯವು ಇಷ್ಟೆ: ಮಗುವಿಗೆ ಬೇಕಾದುದು ಬಣ್ಣ, ಬೆಟ್ಟವು ಯಾವುದಾದರೇನು, ಮರವು ಯಾವುದಾದರೇನು? ಹಿಮ ಮುಚ್ಚಿದ ಶಿಖರದ ಬುಡದಲ್ಲಿಯೇ ತೆಂಗಿನ ತೋಪನ್ನು ಬೆಳೆಯಿಸಲು ಇವರಿಗೆ ಸಂಕೋಚವಿಲ್ಲ. ಈಗಂತೂ ಗಣಕಯಂತ್ರದಲ್ಲಿ ಸಿದ್ಧವಾಗಿ ದೊರೆಯುವ ಚಿತ್ರಗಳುಂಟು. ಅವನ್ನು ತಂದು ಅಂಟಿಸಿದರೆ ಕೆಲಸ ಮುಗಿಯಿತು. ಇವರಿಗೆ ಎದುರಾಗಿ ಇನ್ನೊಂದು ಪಕ್ಷವಿದೆ. ಅದು ವಿದ್ಯಾವಂತರ ಪಕ್ಷವೇ. ಮಕ್ಕಳಿಗೆ ಚಿತ್ರವೇ ಬೇಡ, ಅಜ್ಜಿಯ ಬಾಯಿಂದ ಕಥೆ ಕೇಳಿದವರು ಚಿತ್ರವನ್ನು ನೋಡಿ ಕೇಳಿದರೆ, ಚಿತ್ರವು ಕಲ್ಪನೆಯನ್ನು ಕುಂಠಿತಗೊಳಿಸುತ್ತದೆ ಎಂದು ಇವರ ವಾದ. ಈ ಮಾತಿನಲ್ಲಿ ಅರ್ಧ ಸತ್ಯವುಂಟು. ಕೆಟ್ಟ ಚಿತ್ರಕ್ಕಿಂತ ಖಾಲಿ ಪುಟವು ಮೇಲು. ಆದರೆ ಎರಡು ಪಕ್ಷಗಳೂ ಒಂದು ವಿಷಯದಲ್ಲಿ ಏಕಮತವಾಗಿವೆ: ಚಿತ್ರವೆಂಬುದು ಕಥೆಗೆ ಹೊರಗಿನಿಂದ ತೊಡಿಸಿದ ಒಡವೆಯೆಂದು ಇಬ್ಬರೂ ತಿಳಿದಿದ್ದಾರೆ. ತಪ್ಪು ಇರುವುದು ಅಲ್ಲಿ.

ಸಂಸ್ಕೃತವನ್ನು ಓದಿದ ಮನೆಗಳಲ್ಲಿ ಈ ತಪ್ಪು ನಡೆಯಬಾರದಾಗಿತ್ತು. ಶಾಕುಂತಲದ ಆರನೆಯ ಅಂಕದಲ್ಲಿ ದುಷ್ಯಂತನು ತಾನು ಬರೆದ ಶಕುಂತಲೆಯ ಚಿತ್ರವನ್ನು ಮುಂದಿಟ್ಟುಕೊಂಡು, ಇನ್ನೂ ಬರೆಯಬೇಕಾದುದು ಏನೇನಿದೆಯೆಂದು ಹೇಳುತ್ತಾನೆ. ಅವನು ‘ಒಂದು ನದಿ’ ಎನ್ನುವುದಿಲ್ಲ, ಮಾಲಿನಿಯನ್ನು ಹೆಸರಿಸುತ್ತಾನೆ. ಅದರ ಮರಳಿನಲ್ಲಿ ಕುಳಿತ ಹಂಸಗಳ ಜೋಡಿ ಬೇಕು, ಜಿಂಕೆಗಳು ಮಲಗಿದ ಹಿಮವತ್ಪರ್ವತದ ತಪ್ಪಲು ಬೇಕು, ನಾರುಮಡಿಗಳನ್ನು ಒಣಹಾಕಿದ ಕೊಂಬೆಯುಳ್ಳ ಮರ ಬೇಕು, ಅದರ ಕೆಳಗೆ ಕೃಷ್ಣಮೃಗದ ಕೊಂಬಿಗೆ ಎಡಗಣ್ಣನ್ನು ಉಜ್ಜಿಕೊಳ್ಳುವ ಹೆಣ್ಣುಜಿಂಕೆ ಬೇಕು. ಎಡಗಣ್ಣೇ! ಕಂಡವನಲ್ಲದೆ ಹೀಗೆ ಹೇಳಲಾರನು. ಪಕ್ಕದಲ್ಲಿದ್ದ ವಿದೂಷಕನ ಸಲಹೆಯೇನು? ಉದ್ದ ಗಡ್ಡದ ತಪಸ್ವಿಗಳ ಗುಂಪಿನಿಂದ ಹಲಗೆಯನ್ನು ತುಂಬಿಬಿಡಬೇಕೆಂದು ಅವನು ತನ್ನಲ್ಲಿಯೇ ಅಂದುಕೊಳ್ಳುತ್ತಾನೆ. ಮೇಲೆ ಹೇಳಿದ ಪ್ರಕಾಶಕರು ಯಾರ ಶಿಷ್ಯರೆಂಬುದನ್ನು ಸಹೃದಯರು ನಿರ್ಣಯಿಸಿಕೊಳ್ಳಲಿ. ವಿಷ್ಣುಧರ್ಮೋತ್ತರದ ಚಿತ್ರಸೂತ್ರವೂ ಪರ್ವತವನ್ನು ಬರೆಯುವವನು ಬಂಡೆ, ಶಿಖರ, ಮರ, ಝರಿಗಳನ್ನು ಕಾಣಿಸಬೇಕೆಂದು ವಿಧಿಸುತ್ತದೆಯೇ ಹೊರತು ಮುಕ್ಕೋಣದಿಂದ ತೃಪ್ತಿಪಡುವುದಿಲ್ಲ.

ಇದು ರಾಜರ ಚಿತ್ರಶಾಲೆಯ ಮಾತು, ಮಕ್ಕಳ ಪುಸ್ತಕಕ್ಕೆ ಸಲ್ಲದು ಎನ್ನುವವರು ಇಂಗ್ಲೆಂಡಿನ ಬಿಯಾಟ್ರಿಕ್ಸ್ ಪಾಟರ್ ಎಂಬಾಕೆಯ ಪುಸ್ತಕಗಳನ್ನು ಒಮ್ಮೆ ತೆರೆದು ನೋಡಬೇಕು. 1866ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಈಕೆ ಬೇಸಗೆಯ ರಜೆಗಳಲ್ಲಿ ಲೇಕ್ ಡಿಸ್ಟ್ರಿಕ್ಟ್ ಎಂಬ ಸರೋವರಗಳ ಸೀಮೆಗೆ ಹೋಗುತ್ತಿದ್ದಳು. ಅಣಬೆಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಬರೆದು, ಅವುಗಳ ಬೀಜಾಣುಗಳು ಮೊಳೆಯುವ ವಿಷಯವಾಗಿ 1897ರಲ್ಲಿ ಲಂಡನ್ನಿನ ಲಿನ್ನಿಯನ್ ಸೊಸೈಟಿಗೆ ಒಂದು ಪ್ರಬಂಧವನ್ನು ಒಪ್ಪಿಸಿದಳು. ಸಭೆಗೆ ಹೆಂಗಸರಿಗೆ ಪ್ರವೇಶವಿರಲಿಲ್ಲ. ಅದು ಆ ವಿದ್ವಾಂಸರಿಗೆ ಭೂಷಣವಲ್ಲ. ಅಣಬೆಯನ್ನು ನೋಡಿದ ಆ ಕಣ್ಣೇ ಮಕ್ಕಳ ಕಥೆಗೆ ಬಂದಿತು.

ಆಕೆಯ ಮೊಲವು ನೀಲಿ ಅಂಗಿಯನ್ನು ತೊಟ್ಟಿದೆ, ಇದೆಂತಹ ಪ್ರಕೃತಿ ಎಂದು ನಗುವವರುಂಟು. ಅಂಗಿಯನ್ನು ತೆಗೆದು ನೋಡಿದರೆ ಒಳಗಿರುವುದು ನಿಜವಾದ ಮೊಲವೇ. ಎಲುಬು, ಕಿವಿ, ಕುಳಿತುಕೊಳ್ಳುವ ರೀತಿ, ಯಾವುದೂ ಸುಳ್ಳಲ್ಲ. ಮೊಲದ ಸುತ್ತಲಿನ ನೆಲವಂತೂ ಇನ್ನೂ ನಿಜ. 1903ರ ಅಳಿಲು ನಟ್ಕಿನ್‌ನ ಕಥೆಯಲ್ಲಿ ಅಳಿಲುಗಳು ಸಣ್ಣ ತೆಪ್ಪಗಳನ್ನು ಕಟ್ಟಿ, ಬಾಲವನ್ನೇ ಹಾಯಿಯಾಗಿ ಎತ್ತಿ, ಗೂಬೆಯಿರುವ ದ್ವೀಪಕ್ಕೆ ಹೋಗುತ್ತವೆ. ಕಥೆಯು ಕಲ್ಪಿತವು, ದ್ವೀಪವು ಕಲ್ಪಿತವಲ್ಲ. ಡರ್ವೆಂಟ್‌ವಾಟರ್ ಸರೋವರದ ನಡುವೆ ಇರುವ ಸೇಂಟ್ ಹರ್ಬರ್ಟ್ಸ್ ದ್ವೀಪವೇ ಅದು. 1905ರಲ್ಲಿ ಆಕೆ ನಿಯರ್ ಸಾರೆ ಎಂಬ ಹಳ್ಳಿಯಲ್ಲಿ ಹಿಲ್ ಟಾಪ್ ಎಂಬ ಹೊಲಮನೆಯನ್ನು ಕೊಂಡಳು. ಅಲ್ಲಿಂದ ಮುಂದೆ ಆ ಮನೆಯ ತೋಟವೂ ಗೇಟೂ ಬಾಗಿಲೂ ಪುಸ್ತಕಗಳಲ್ಲಿ ಬಂದು ನಿಂತವು. ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಬರೆದ ನೆಲವನ್ನು ಆಕೆ ಬರೆದು ಬಿಟ್ಟುಬಿಡಲಿಲ್ಲ. ಪುಸ್ತಕಗಳಿಂದ ಬಂದ ಹಣವನ್ನು ಹೊಲಮನೆಗಳಿಗೂ ಬೆಟ್ಟದ ಕುರಿಗಳಿಗೂ ಹಾಕಿದಳು. 1943ರಲ್ಲಿ ತೀರಿಕೊಂಡಾಗ 4000 ಎಕರೆಗೂ ಮಿಗಿಲಾದ ಭೂಮಿಯನ್ನು, ಕಟ್ಟಡ ಕಟ್ಟುವವರ ಪಾಲಾಗದಂತೆ, ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಗೆ ಬಿಟ್ಟುಹೋದಳು. ಊರಿಲ್ಲದ ಬೆಟ್ಟವನ್ನು ಬರೆದವನು ಯಾವ ಬೆಟ್ಟವನ್ನು ಉಳಿಸಿಯಾನು?

ವೆಚ್ಚದ ಮಾತನ್ನು ಎತ್ತುವವರಿಗೂ ಉತ್ತರವು ಅಲ್ಲಿಯೇ ಇದೆ. 1902ರಲ್ಲಿ ಆಕೆಯ ಮೊದಲ ಪುಸ್ತಕವು ಹಳದಿ, ಕೆಂಪು, ನೀಲಿ ಎಂಬ ಮೂರು ಅಚ್ಚುಗಳಿಂದ ಬಣ್ಣಬಣ್ಣವಾಗಿ ಹೊರಬಂದಿತು. ಬೆಲೆ ಒಂದು ಷಿಲಿಂಗ್. ಮಗುವಿನ ಕೈಗೆ ತಕ್ಕಂತೆ ಪುಸ್ತಕವನ್ನು ಚಿಕ್ಕದು ಮಾಡಿದುದರಿಂದಲೇ ಬೆಲೆಯೂ ಚಿಕ್ಕದಾಯಿತು. ದೊಡ್ಡ ಆಕಾರದ, ಮಿರುಗುವ ರಟ್ಟಿನ ಪುಸ್ತಕವೇ ಚೆಲುವೆಂಬುದು ಅಂಗಡಿಯವರ ಭ್ರಾಂತಿ.

ಅಮೆರಿಕದ ವರ್ಜೀನಿಯಾ ಲೀ ಬರ್ಟನ್ ಎಂಬಾಕೆಯ ‘ದಿ ಲಿಟಲ್ ಹೌಸ್’ 1942ರದು. ಮರುವರ್ಷ ಅದಕ್ಕೆ ಅಲ್ಲಿಯ ಕಾಲ್ಡೆಕಾಟ್ ಪದಕವು ಬಂದಿತು. ಪುಟದಿಂದ ಪುಟಕ್ಕೆ ಅದೇ ಮನೆ, ಅದೇ ಜಾಗ. ಮೊದಲು ಸೇಬಿನ ಮರಗಳು, ಋತುಗಳು, ಆಮೇಲೆ ರಸ್ತೆ, ಆಮೇಲೆ ಸಾಲುಮನೆಗಳು, ರೈಲು, ಮುಗಿಲೆತ್ತರದ ಕಟ್ಟಡಗಳು. ಕಳೆದುಹೋದುದು ಏನೆಂದು ಮಗುವಿಗೆ ಯಾರೂ ಉಪದೇಶಿಸಬೇಕಾಗಿಲ್ಲ. ಹಿಂದಿನ ಪುಟಕ್ಕೆ ತಿರುಗಿಸಿ ನೋಡಿದರೆ ಸಾಕು.

ಕನ್ನಡ ನಾಡಿನಲ್ಲಿ ಇಂಥದನ್ನು ಬರೆಯುವ ಕೈಗಳು ಇರಲಿಲ್ಲವೆಂದು ಯಾರಾದರೂ ಹೇಳಿದರೆ ಅದು ಅಜ್ಞಾನವು. ಕೆ. ವೆಂಕಟಪ್ಪನವರು (1886–1965) ಉದಕಮಂಡಲದ ಮಂಜನ್ನೂ ಬೆಳಕನ್ನೂ ಜಲವರ್ಣದಲ್ಲಿ ಹಿಡಿದಿಟ್ಟರು. ರುಮಾಲೆ ಚೆನ್ನಬಸವಯ್ಯನವರು (1910–1988) ಬೆಂಗಳೂರಿನ ಬೀದಿಗಳಲ್ಲಿ ಹೂಬಿಟ್ಟ ಮರಗಳನ್ನು ಕಂಡು ಕಂಡಂತೆ ಬರೆದರು. ಇವರ ಚಿತ್ರಗಳನ್ನು ನೋಡಲು ದೊಡ್ಡವರು ಚಿತ್ರಶಾಲೆಗೆ ಹೋಗಬಹುದು; ಮಗುವು ಮಲಗುವ ಮುನ್ನ ತೆರೆಯುವ ಪುಸ್ತಕದಲ್ಲಿ ಅಂಥ ಕಣ್ಣು ಏಕೆ ಇರಕೂಡದು? ಬೆಂಗಳೂರಿನಲ್ಲಿ ರಸ್ತೆಯನ್ನು ಅಗಲಿಸುವುದಕ್ಕಾಗಿ ಸಾಲುಮರಗಳು ಉರುಳಿದುವು. ಮರದ ಹೆಸರನ್ನೇ ಅರಿಯದ ಮಗುವು ಅದು ಹೋದ ಮೇಲೆ ಏನನ್ನು ಕೇಳೀತು? ‘ಮರ ಹೋಯಿತು’ ಎಂದೀತು, ಅಷ್ಟೆ. ಮಾಘ ಫಾಲ್ಗುಣಗಳಲ್ಲಿ ಎಲೆಯುದುರಿಸಿದ ಕೊಂಬೆಯ ಮೇಲೆ ಕೆಂಡದಂತೆ ಅರಳುವ ಮುತ್ತುಗವನ್ನೂ, ಯುಗಾದಿಯ ಹೊತ್ತಿಗೆ ಎಳೆ ಹಸುರನ್ನು ತಳೆಯುವ ಹೊಂಗೆಯನ್ನೂ ಪುಸ್ತಕದಲ್ಲಿ ಗುರುತಿಸಿದ ಮಗುವು ಬೀದಿಯಲ್ಲಿ ಅದನ್ನು ಕಂಡು ತಾಯಿಯ ಸೆರಗನ್ನು ಜಗ್ಗುತ್ತದೆ. ಕಲ್ಪನೆಯು ಕುಂಠಿತವಾಗುವುದೆಂದು ಅಂಜುವ ಪಂಡಿತರು ಈ ಜಗ್ಗಾಟವನ್ನು ಏನೆಂದು ಕರೆಯುವರೋ ತಿಳಿಯದು.

ಪಾಟರಳ ಮೊಲವನ್ನೂ ಬೆಟ್ಟವನ್ನೂ ತಂದು ಕನ್ನಡ ಪುಸ್ತಕದಲ್ಲಿ ನಿಲ್ಲಿಸಬೇಕೆಂದು ಇದರ ಅರ್ಥವಲ್ಲ. ಹಾಗೆ ಮಾಡಿದರೆ ಮತ್ತೆ ಊರಿಲ್ಲದ ಬೆಟ್ಟವೇ ಆದೀತು. ಆಕೆಯಿಂದ ತರಬೇಕಾದುದು ನಡಿಗೆಯೊಂದೇ. ಸಹ್ಯಾದ್ರಿಯ ಮಳೆಯನ್ನು ಮಕ್ಕಳಿಗಾಗಿ ಬರೆಯಿಸಬೇಕೆನ್ನುವ ಪ್ರಕಾಶಕನು ಚಿತ್ರಗಾರನಿಗೆ ಬಣ್ಣದ ಪೆಟ್ಟಿಗೆಗಿಂತ ಮೊದಲು ಕೊಡತಕ್ಕದ್ದು ಆಗುಂಬೆಗೆ ಹೋಗಿಬರುವ ಬಸ್ಸಿನ ವೆಚ್ಚ, ಒಂದು ಕೊಡೆ, ಒಂದು ಮಳೆಗಾಲದ ಪೂರ್ತಿ ಅವಧಿ.