ಬಾಡಿಗೆದಾರ ಯಾರೆಂದು ತಿಳಿಯದು ಎಂಬ ನೆಪ

ಮಲೆನಾಡಿನ ಪೇಟೆಗಳ ಮುಖ್ಯರಸ್ತೆಯ ಇಕ್ಕೆಲಗಳಲ್ಲಿ ಈಗ ವಾಣಿಜ್ಯ ಸಂಕೀರ್ಣಗಳು ಏಳುತ್ತಿವೆ. ಕೆಳಗೆ ಸಾಲು ಮಳಿಗೆಗಳು, ಮೇಲೆ ಒಂದೆರಡು ಖಾಲಿ ಅಂತಸ್ತುಗಳು, ಮುಂದೆ ‘ಬಾಡಿಗೆಗೆ ಇದೆ’ ಎಂಬ ಫಲಕ. ಇಂತಹ ಅನೇಕ ಕಟ್ಟಡಗಳಲ್ಲಿ ರೋಲಿಂಗ್ ಶಟರಿನ ಅಗಲಕ್ಕೆ ಲೆಕ್ಕವಿರುತ್ತದೆ, ಜಾಹೀರಾತು ಫಲಕಕ್ಕೂ ಜಾಗವಿರುತ್ತದೆ. ಶೌಚಾಲಯ ಮಾತ್ರ ಮೆಟ್ಟಿಲಡಿಯ ಒಂದು ಬೀಗ ಜಡಿದ ಗೂಡು, ಇಲ್ಲವೇ ಅದೂ ಇಲ್ಲ. ಏಕೆಂದು ಕೇಳಿದರೆ ಉತ್ತರ ಸಿದ್ಧವಾಗಿದೆ: “ಯಾರು ಬಾಡಿಗೆಗೆ ಬರುತ್ತಾರೋ ಗೊತ್ತಿಲ್ಲವಲ್ಲ? ಬಂದವರು ತಮಗೆ ಬೇಕಾದಂತೆ ಕಟ್ಟಿಕೊಳ್ಳಲಿ.”

ಕೇಳಲು ವಿವೇಕದ ಮಾತಿನಂತಿರುವ ಇದು ವಾಸ್ತವದಲ್ಲಿ ಹೊಣೆಯಿಂದ ಜಾರಿಕೊಳ್ಳುವ ನೆಪ. ಬರುವವನು ಜವಳಿ ವ್ಯಾಪಾರಿಯೋ, ಬೇಕರಿಯವನೋ, ದಂತವೈದ್ಯನೋ, ಕೋಚಿಂಗ್ ತರಗತಿ ನಡೆಸುವವನೋ ತಿಳಿಯದಿರಬಹುದು. ಆದರೆ ಬರುವವರು ಮನುಷ್ಯರು ಎಂಬುದರಲ್ಲಿ ಅನುಮಾನವುಂಟೇ? ಈ ವರ್ಷ ಎಷ್ಟು ಇಂಚು ಮಳೆ ಸುರಿಯುವುದೆಂದು ತಿಳಿಯದೆಂಬ ಕಾರಣಕ್ಕೆ ಯಾವ ಅಡಿಕೆ ಬೆಳೆಗಾರನೂ ಬಸಿಗಾಲುವೆ ತೋಡದೆ ಕೂರುವುದಿಲ್ಲ. ಆತ ಹಿಂದೆ ಕಂಡ ದೊಡ್ಡ ಮಳೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಆಳ ಅಗಲ ನಿರ್ಧರಿಸುತ್ತಾನೆ. ಅನಿಶ್ಚಿತತೆಗೆ ಉತ್ತರ ಅಂದಾಜೇ ಹೊರತು ಅಲಕ್ಷ್ಯವಲ್ಲ.

ಅಂದಾಜಿಗೆ ಬೇಕಾದ ಅಂಕಿಗಳು ಇಲ್ಲದೆಯೂ ಇಲ್ಲ. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯು ರಸ್ತೆಮಟ್ಟದ ಮಳಿಗೆಗಳಲ್ಲಿ 3 ಚದರ ಮೀಟರಿಗೆ ಒಬ್ಬರು, ಮೇಲಂತಸ್ತಿನ ಮಳಿಗೆಗಳಲ್ಲಿ 6 ಚದರ ಮೀಟರಿಗೆ ಒಬ್ಬರು, ಕಚೇರಿಗಳಲ್ಲಿ 10 ಚದರ ಮೀಟರಿಗೆ ಒಬ್ಬರು ಎಂದು ಲೆಕ್ಕ ಹಾಕುತ್ತದೆ. ಇವು ಮೂಲತಃ ಬೆಂಕಿ ಬಿದ್ದಾಗ ಜನರು ಹೊರಬರುವ ದಾರಿಗಳಿಗಾಗಿ ಕೊಟ್ಟ ಅಂಕಿಗಳು. ಶೌಚಾಲಯದ ಮೊದಲ ಅಂದಾಜಿಗೂ ಒದಗುತ್ತವೆ. ಅಂತಸ್ತಿಗೆ 240 ಚದರ ಮೀಟರಿನ ಒಂದು ಕಟ್ಟಡವನ್ನು ಊಹಿಸಿಕೊಳ್ಳಿ. ನೆಲಮಹಡಿಯಲ್ಲಿ 80 ಜನ. ಮೇಲಂತಸ್ತು ಕಚೇರಿಯಾದರೆ 24 ಜನ, ಮಳಿಗೆಯಾದರೆ 40. ಅದೇ ಅಂತಸ್ತಿನ ಅರ್ಧಭಾಗದಲ್ಲಿ ಊಟದ ಮೇಜುಗಳನ್ನು ಹಾಕಿ, ತಲೆಗೆ ಒಂದೂವರೆ ಚದರ ಮೀಟರ್ ಹಿಡಿದರೆ ಮತ್ತೆ 80 ಆಸನಗಳು.

ಈಗ ನೀರಿನ ಲೆಕ್ಕ ನೋಡೋಣ. ಸಂಹಿತೆಯ ಪ್ರಕಾರ ಕಚೇರಿಯಲ್ಲಿ ದಿನಕ್ಕೆ ತಲಾ 45 ಲೀಟರ್, ಹೋಟೆಲಿನಲ್ಲಿ ಪ್ರತಿ ಆಸನಕ್ಕೆ 70 ಲೀಟರ್. 24 ಜನರ ಕಚೇರಿಗೆ 1,080 ಲೀಟರ್ ಸಾಕು. 80 ಆಸನಗಳ ಹೋಟೆಲಿಗೆ 5,600 ಲೀಟರ್ ಬೇಕು. ಕಟ್ಟಡ ಅದೇ, ಗೋಡೆಗಳು ಅವೇ. ಬಾಡಿಗೆದಾರ ಬದಲಾದೊಡನೆ ಹೊರಬೀಳುವ ಕೊಳಚೆ ಐದು ಪಟ್ಟು ಮೀರಿತು. ಚಿಕ್ಕದನ್ನೇ ನಂಬಿ ಕಟ್ಟಿದ ಸೆಪ್ಟಿಕ್ ಟ್ಯಾಂಕ್ ದೊಡ್ಡದನ್ನು ಎಲ್ಲಿ ತುಂಬಿಕೊಳ್ಳಬೇಕು?

ಆದುದರಿಂದ ಮಾಲೀಕನ ಮುಂದಿರುವ ಪ್ರಾಮಾಣಿಕ ಮಾರ್ಗಗಳು ಎರಡೇ. ಒಂದು, ಆ ಕಟ್ಟಡದಲ್ಲಿ ಸಾಧ್ಯವಿರುವ ಅತಿ ಹೆಚ್ಚು ಜನಬಳಕೆಯ ಉದ್ದಿಮೆಯನ್ನು ಊಹಿಸಿ ಅದಕ್ಕೆ ತಕ್ಕ ಶೌಚಾಲಯ ಕಟ್ಟುವುದು. ಇನ್ನೊಂದು, ಕಡಿಮೆ ಕಟ್ಟಿ, ಅಷ್ಟಕ್ಕೇ ಬಳಕೆಯನ್ನು ಸೀಮಿತಗೊಳಿಸಿ ಪರವಾನಗಿಯಲ್ಲೇ ಬರೆಸುವುದು: ‘ಈ ಅಂತಸ್ತು ಇಷ್ಟು ಜನರಿಗೆ, ಹೋಟೆಲಿಗೆ, ತರಗತಿಗೆ ಕೊಡತಕ್ಕದ್ದಲ್ಲ.’ ಕಡಿಮೆ ಕಟ್ಟಿ ಹೆಚ್ಚು ಬಾಡಿಗೆಗೆ ಕೊಡುವ ಮೂರನೆಯ ಮಾರ್ಗವೇ ಇಂದು ರೂಢಿಯಾಗಿದೆ. ಅದಕ್ಕೆ ಅಂಕುಶ ಬೀಳಬೇಕು.

ಮೊದಲನೆಯ ಮಾರ್ಗದಲ್ಲಿ ಎಲ್ಲವನ್ನೂ ಮೊದಲ ದಿನವೇ ಕಟ್ಟಬೇಕೆಂದಿಲ್ಲ. ಪ್ರತಿ ಅಂತಸ್ತಿನಲ್ಲೂ ಒಂದರ ಮೇಲೊಂದು ಬರುವಂತೆ ಶೌಚಾಲಯದ ಜಾಗ ಗುರುತಿಸಿ, ಅಲ್ಲಿ ತಾರಸಿಯನ್ನು ತಗ್ಗಿಸಿ, ನೀರಿನ ಮತ್ತು ಮಲಿನಜಲದ ಕೊಳವೆಗಳನ್ನು ತಳದಿಂದ ಮೇಲಿನವರೆಗೆ ಎಳೆದು ಬಾಯಿಮುಚ್ಚಿ ಇಡಬಹುದು. ಅಗತ್ಯಬಿದ್ದಾಗ ಗೋಡೆ ಎಬ್ಬಿಸಿ ಬಚ್ಚಲು ಜೋಡಿಸಿದರಾಯಿತು. ಕಟ್ಟುವಾಗ ಸುಲಭವಾದ ಈ ಕೆಲಸ ಕಟ್ಟಿ ಮುಗಿದ ಮೇಲೆ ಕಾಂಕ್ರೀಟ್ ಒಡೆಯುವ ಕೆಲಸವಾಗುತ್ತದೆ. ಯಾವ ಬಾಡಿಗೆದಾರನೂ ಅನ್ಯರ ಕಟ್ಟಡಕ್ಕಾಗಿ ಆ ವೆಚ್ಚ ಮಾಡುವುದಿಲ್ಲ.

ಹಾಗಾದರೆ ಬೆಲೆ ತೆರುವವರು ಯಾರು? ಮೊದಲಿಗೆ, ಮಳಿಗೆಯಲ್ಲಿ ದಿನವಿಡೀ ನಿಂತು ದುಡಿಯುವ ಹೆಣ್ಣುಮಕ್ಕಳು. ಶೌಚಾಲಯವಿಲ್ಲದಿದ್ದಲ್ಲಿ ಅವರು ಬೆಳಗಿನಿಂದ ನೀರು ಕುಡಿಯುವುದನ್ನೇ ಬಿಡುತ್ತಾರೆ. ಮೂತ್ರ ತಡೆಹಿಡಿದು ಸೋಂಕಿಗೆ ಗುರಿಯಾಗುತ್ತಾರೆ. ಘಟ್ಟದ ಆಚೆಯ ಕೋಯಿಕ್ಕೋಡಿನ ಮಿಠಾಯಿ ತೆರುವಿನ ಅಂಗಡಿಗಳಲ್ಲಿ ದುಡಿಯುತ್ತಿದ್ದ ಮಹಿಳೆಯರು ಇದೇ ಬವಣೆಯಿಂದ ಬೇಸತ್ತು ಪಿ. ವಿಜಿಯವರ ಮುಂದಾಳುತನದಲ್ಲಿ ‘ಪೆಣ್‌ಕೂಟ್ಟ್’ ಎಂಬ ಸಂಘಟನೆ ಕಟ್ಟಿದರು. ಶೌಚಾಲಯದ ಬೇಡಿಕೆಯಿಂದ ಆರಂಭವಾದ ಆ ಹೋರಾಟವು ಮುಂದೆ ಕುಳಿತುಕೊಳ್ಳುವ ಹಕ್ಕಿನ ಹೋರಾಟವಾಗಿ ಬೆಳೆದು, 2018ರಲ್ಲಿ ಕೇರಳವು ತನ್ನ ಅಂಗಡಿ ಮುಂಗಟ್ಟುಗಳ ಕಾಯ್ದೆಯನ್ನೇ ತಿದ್ದುವಂತೆ ಮಾಡಿತು. ನಮ್ಮ ಪೇಟೆಗಳ ಹೆಣ್ಣುಮಕ್ಕಳು ಇನ್ನೂ ಮೌನವಾಗಿರುವುದು ಅವರಿಗೆ ತೊಂದರೆಯಿಲ್ಲವೆಂಬುದಕ್ಕೆ ಸಾಕ್ಷಿಯಲ್ಲ.

ಹೊಣೆಯನ್ನು ಬಾಡಿಗೆದಾರನ ತಲೆಗೆ ಕಟ್ಟಿದರೆ ಕಾನೂನೂ ಕೈಗೆ ಸಿಗದು. 2025ರ ನವೆಂಬರ್‌ನಲ್ಲಿ ಜಾರಿಗೆ ಬಂದ ಔದ್ಯೋಗಿಕ ಸುರಕ್ಷತಾ ಸಂಹಿತೆಯು ಸಾಮಾನ್ಯವಾಗಿ ಹತ್ತು ಅಥವಾ ಹೆಚ್ಚು ಕೆಲಸಗಾರರಿರುವ ಸಂಸ್ಥೆಗಳಿಗೆ ಅನ್ವಯಿಸುತ್ತದೆ. ತಲಾ ಮೂವರು ದುಡಿಯುವ ಇಪ್ಪತ್ತು ಮಳಿಗೆಗಳ ಸಂಕೀರ್ಣದಲ್ಲಿ ಅರವತ್ತು ಕೆಲಸಗಾರರಿದ್ದರೂ ಒಂದು ಅಂಗಡಿಯೂ ಆ ಸಂಖ್ಯೆಯನ್ನು ಮುಟ್ಟುವುದಿಲ್ಲ. ಆದ್ದರಿಂದಲೇ ಎಣಿಕೆಯಾಗಬೇಕಾದುದು ಅಂಗಡಿಯಲ್ಲ, ಕಟ್ಟಡ. ಹೆಣ್ಣು ಗಂಡಿಗೆ ‘ಒಂದೊಂದು’ ಎಂದು ಹಂಚಿಬಿಟ್ಟರೂ ನ್ಯಾಯವಾಗದು. ಕಟ್ಟಡ ಸಂಹಿತೆಯು ಕಚೇರಿಗಳಲ್ಲಿ 25 ಪುರುಷರಿಗೆ ಒಂದು ಶೌಚಾಲಯವೆಂದರೆ, ಮಹಿಳೆಯರಿಗೆ 15 ಜನಕ್ಕೇ ಒಂದು ಎನ್ನುತ್ತದೆ.

ಬೆಲೆ ತೆರುವ ಎರಡನೆಯವರು ಇಳಿಜಾರಿನ ಕೆಳಗಿರುವ ನಾವು, ಹಳ್ಳಿಗರು. ಬಯಲುಸೀಮೆಯ ಲೆಕ್ಕ ಇಲ್ಲಿಗೆ ಹೊಂದದು. ನಮ್ಮ ಜಂಬಿಟ್ಟಿಗೆ ನೆಲದ ರಂಧ್ರಗಳಲ್ಲಿ ಕೊಳಚೆ ಸೋಸದೆಯೇ ಹರಿದು ಬಾವಿ ಸೇರಬಲ್ಲದು. ತಗ್ಗಿನ ಜಾಗದಲ್ಲಾದರೋ ಆಷಾಢ ಶ್ರಾವಣಗಳಲ್ಲಿ ಅಂತರ್ಜಲ ಮೇಲೇರಿ ಇಂಗುಗುಂಡಿ ಇಂಗಿಸುವ ಬದಲು ಉಕ್ಕುತ್ತದೆ. ಕುಡಿಯುವ ನೀರಿನ ಬಾವಿಗೂ ಇಂಗುಗುಂಡಿಗೂ ಕನಿಷ್ಠ 18 ಮೀಟರ್ ಅಂತರವಿರಬೇಕೆಂದು ಭಾರತೀಯ ಮಾನಕ ಹೇಳುತ್ತದೆ. ಬಿರುಕು, ರಂಧ್ರಗಳ ನೆಲದಲ್ಲಿ ಅದೂ ಸಾಲದು. ಉಕ್ಕಿದ್ದು ಚರಂಡಿಗೆ, ಚರಂಡಿಯದು ಹಳ್ಳಕ್ಕೆ, ಹಳ್ಳದ್ದು ಹೊಳೆಗೆ. ತುಂಗೆಯ ನೀರನ್ನು ಶಿವಮೊಗ್ಗ ನಗರ ಕುಡಿಯುತ್ತದೆ ಎಂಬುದನ್ನು ಮೇಲ್ದಂಡೆಯ ಪೇಟೆಗಳು ಮರೆಯುವಂತಿಲ್ಲ.

ಮೂರನೆಯವರು, ತುಂಬಿದ ಗುಂಡಿಯನ್ನು ಬಳಿಯಲು ಕರೆಸಲ್ಪಡುವವರು. ಮನುಷ್ಯನನ್ನು ಮಲದ ಗುಂಡಿಗೆ ಇಳಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ. ಹಾಗಿದ್ದೂ ಹೀರುಯಂತ್ರದ ವಾಹನ ತಲುಪಲಾರದ ಹಿತ್ತಿಲಿನಲ್ಲಿ ಟ್ಯಾಂಕ್ ಕಟ್ಟಿದರೆ, ನಕ್ಷೆಯಲ್ಲೇ ಆ ಅಪರಾಧಕ್ಕೆ ದಾರಿ ಬರೆದಂತಲ್ಲವೇ?

ಶೌಚಾಲಯಕ್ಕೆ ಬಿಟ್ಟ ಜಾಗಕ್ಕೆ ಬಾಡಿಗೆ ಹುಟ್ಟುವುದಿಲ್ಲ ಎಂಬುದು ಮಾಲೀಕರ ಅಳಲು. ಮೆಟ್ಟಿಲಿಗೂ ಬಾಡಿಗೆ ಹುಟ್ಟುವುದಿಲ್ಲ. ಆದರೂ ಮೆಟ್ಟಿಲಿಲ್ಲದ ಮಹಡಿಯನ್ನು ಯಾರೂ ಕಟ್ಟಿಲ್ಲ. ಬಸ್ ನಿಲ್ದಾಣದಲ್ಲಿ ಸಾರ್ವಜನಿಕ ಶೌಚಾಲಯವಿದೆಯಲ್ಲ ಎಂಬುದು ಇನ್ನೊಂದು ವಾದ. ತಮ್ಮ ಗಿರಾಕಿ ಮತ್ತು ಕೆಲಸಗಾರರ ಹೊರೆಯನ್ನು ಊರಿನ ಮೇಲೆ ಹೊರಿಸಿ ಬಾಡಿಗೆಯನ್ನು ಮಾತ್ರ ತಾವೇ ಇಟ್ಟುಕೊಳ್ಳುವುದು ಯಾವ ನ್ಯಾಯ?

ಕಟ್ಟಡ ಸಂಹಿತೆ ತಾನೇ ಕಾನೂನಲ್ಲ. ಸ್ಥಳೀಯ ಉಪವಿಧಿಗಳಲ್ಲಿ ಸೇರಿದಾಗಲೇ ಅದಕ್ಕೆ ಬಲ. ಆದುದರಿಂದ ನಮ್ಮ ಪಟ್ಟಣ ಪಂಚಾಯಿತಿ, ಗ್ರಾಮ ಪಂಚಾಯಿತಿಗಳಿಂದ ಇವಿಷ್ಟನ್ನು ಒತ್ತಾಯಿಸೋಣ:

1. ಪ್ರತಿ ಅಂತಸ್ತಿನ ಗರಿಷ್ಠ ಜನಸಂಖ್ಯೆಯನ್ನೂ ಅದಕ್ಕೆ ತಕ್ಕ ಶೌಚಾಲಯಗಳನ್ನೂ ನಕ್ಷೆಯಲ್ಲಿ ತೋರಿಸದೆ ಕಟ್ಟಡ ಪರವಾನಗಿ ಕೊಡಬಾರದು.

2. ಬಳಕೆ ಬದಲಾದಾಗ ಮರುಎಣಿಕೆಯಾಗದೆ ಹೊಸ ವ್ಯಾಪಾರ ಪರವಾನಗಿ ಕೊಡಬಾರದು.

3. ಇಂಗುಗುಂಡಿಯ ನೆಲವನ್ನು ಬೇಸಿಗೆಯಲ್ಲಿ ಮಾತ್ರವಲ್ಲ, ಮಳೆಗಾಲದಲ್ಲೂ ಪರೀಕ್ಷಿಸಬೇಕು.

4. ಪಂಚಾಯಿತಿಗಳು ತಮ್ಮ ಸ್ವಂತ ಮಳಿಗೆಗಳಲ್ಲಿ ಇದನ್ನು ಮೊದಲು ಮಾಡಿ ತೋರಿಸಬೇಕು.

ವಿದ್ಯಾರ್ಥಿ ಮಿತ್ರರೇ, ನೀವು ಪಾಠಕ್ಕೆ ಹೋಗುವ ಮೇಲಂತಸ್ತಿನ ಜನರನ್ನೂ ಬಾಗಿಲು ತೆರೆದಿರುವ ಶೌಚಾಲಯಗಳನ್ನೂ ಎಣಿಸಿ ಬರೆದಿಡಿ. ಹಳ್ಳಿಯ ಬಂಧುಗಳೇ, ನಿಮ್ಮ ಹಳ್ಳದ ಮೇಲ್ಭಾಗದಲ್ಲಿ ಏಳುತ್ತಿರುವ ಕಟ್ಟಡದ ನಕ್ಷೆಯನ್ನು 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಕೇಳಿ ಪಡೆಯಿರಿ. ಆ ಎಣಿಕೆ, ಆ ನಕ್ಷೆ ಎರಡನ್ನೂ ಹಿಡಿದು ಮುಂದಿನ ಗ್ರಾಮಸಭೆಗೆ ಬನ್ನಿ. ಅಡಿಪಾಯದ ಕಾಂಕ್ರೀಟ್ ಬೀಳುವ ಮೊದಲೇ ಪ್ರಶ್ನೆ ಏಳಬೇಕು.